ನಳಿಗೆಯ ಹಾಲು

ಶಹಾಬಾದ್, ೯ ಜನವರಿ ೧೯೭೮, ಸೋಮವಾರ

ಔಷಧ ಕಂಪನಿಯವನು ಕೊಟ್ಟುಹೋದ ಈ ಡೈರಿಯಲ್ಲಿ ಅಗಸನಿಗೆ ಹಾಕಿದ ಬಟ್ಟೆ ಬರೆದಿಡೋಣ ಎಂದುಕೊಂಡಿದ್ದೆ. ಆದರೆ ಇವತ್ತಿನದನ್ನು ಎಲ್ಲಾದರೂ ಕಕ್ಕದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ. ಕ್ವಾರ್ಟರ್ಸಿನ ಈ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಇರುವುದು ಒಂದು ಹಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಚಹಾ ಬಾಯಿಗಿಟ್ಟಿರಲಿಲ್ಲ, ಆಸ್ಪತ್ರೆಯ ಗೇಟಿನೊಳಗೆ ಟ್ರ್ಯಾಕ್ಟರ್ ನುಗ್ಗಿತು. ಟ್ರಾಲಿಯಲ್ಲಿ ಕಲ್ಲುಪುಡಿಯ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸು ದಾರಿಯಲ್ಲೇ ಮುಗಿದಿದ್ದ. ಹೆಸರು ಮಶಾಕ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯವನು. ಎದೆಯಲ್ಲಿ ಹಾರೆ ಹೊಕ್ಕ ತೂತಿಗೆ ಯಾರೋ ರುಮಾಲು ತುರುಕಿದ್ದರು. ಹೊಡೆದವನು ಅವನ ಚಿಕ್ಕಪ್ಪನ ಮಗ ಬಾಬುಮಿಯಾ. ಎರಡು ಮನೆಯ ಖಣಿಗಳ ನಡುವಿನ ಗಡಿಕಲ್ಲನ್ನು ಯಾರು ಸರಿಸಿದರು ಎಂಬುದು ಜಗಳ. ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪಿನಲ್ಲಿ ಆ ಬಾಬುಮಿಯಾನೂ ಬಂದ. ಮಶಾಕನ ಕಡೆಯವರು ಕಲ್ಲಿನಿಂದ ಅವನ ಬುರುಡೆ ಒಡೆದಿದ್ದರು. ಸತ್ತವನನ್ನೂ ಕೊಂದವನನ್ನೂ ಒಂದೇ ಪಡಸಾಲೆಯಲ್ಲಿ ಮಲಗಿಸಿದೆವು, ಬೇರೆ ಜಾಗವಿರಲಿಲ್ಲ.

ಹೆಂಗಸು ಲತೀಫಾ, ಸತ್ತವನ ಹೆಂಡತಿ. ಇನ್ನೂ ಹುಡುಗಿ. ಬಿಡಿಸಲು ನಡುವೆ ಹೋಗಿ ಸೊಂಟಕ್ಕೆ ಪೆಟ್ಟು ಬಿದ್ದಿದೆ. ಏಳನೇ ತಿಂಗಳು. ಟೇಬಲ್ಲಿಗೆ ಏರಿಸುವಷ್ಟರಲ್ಲಿ ನೋವು ಹತ್ತಿಬಿಟ್ಟಿತ್ತು. ಗಂಡನನ್ನು ಕರೆಯುತ್ತ ಕಾಲು ಜಾಡಿಸಿದಳು. ಎಲ್ಲರಿಗೂ ಕೊಡುವ ಹಾಗೆ ಅವಳ ತೊಡೆಗೂ ಎರಡು ಬಿಗಿದೆ. ಹೊಡೆಯದಿದ್ದರೆ ಇವರು ತಿಣುಕುವುದಿಲ್ಲ. ನರ್ಸಮ್ಮನಿಗೆ ಇಲ್ಲಿ ಬಾಯಿ ಅನ್ನುತ್ತಾರೆ. ಊರವರು ನನಗೆ ‘ಬಡಿಯೋ ಬಾಯಿ’ ಎಂದು ಹೆಸರಿಟ್ಟಿದ್ದಾರೆ, ಇಡಲಿ. ಬಡಿಸಿಕೊಂಡವರ ಮಕ್ಕಳು ಇವತ್ತು ಶಾಲೆಗೆ ಹೋಗುತ್ತಿವೆ.

ಹುಟ್ಟಿದ್ದು ಗಂಡು. ನನ್ನ ಎರಡು ಅಂಗೈಯಲ್ಲಿ ಮುಗಿದುಹೋಗುವಷ್ಟು. ಚರ್ಮದ ಕೆಳಗಿನ ನರವೆಲ್ಲ ಕಾಣುತ್ತದೆ. ಬಸವಂತರಾಯ ಡಾಕ್ಟರು, ಅರಳೆಯಲ್ಲಿ ಸುತ್ತಿ ಬಲ್ಬಿನ ಕೆಳಗಿಡಿ, ನೋಡೋಣ ಎಂದರು. ಡಾಕ್ಟರು ನೋಡೋಣ ಎಂದರೆ ಬೆಳಗಾಗುವುದರೊಳಗೆ ಇರುವುದಿಲ್ಲ ಎಂದು ಅರ್ಥ. ಆ ಮಾತು ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತದೆ.

೧೧ ಜನವರಿ, ಬುಧವಾರ

ಇದೆ. ನಿನ್ನೆಯೂ ಇತ್ತು, ಇವತ್ತೂ ಇದೆ.

ಚೀಪಲು ಮಾತ್ರ ಬರುವುದಿಲ್ಲ. ತಿಂಗಳು ತುಂಬದೆ ಬಂದ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳಲು ತಿಳಿಯುವುದಿಲ್ಲ. ಬಾಯಿಗೆ ಹಾಲು ಬಿಟ್ಟರೆ ಪುಪ್ಪುಸಕ್ಕೆ ಹೋಗಿ ಅಲ್ಲಿಗೇ ಸಾಯುತ್ತವೆ. ಅದಕ್ಕೆ ಮೂಗಿನಿಂದ ಹೊಟ್ಟೆಯವರೆಗೆ ಸಣ್ಣ ರಬ್ಬರ್ ನಳಿಗೆ ಇಳಿಸಿ ಕೆನ್ನೆಗೆ ಪಟ್ಟಿ ಅಂಟಿಸಿದ್ದೇನೆ. ತುದಿಗೆ ಗಾಜಿನ ಸಿರಿಂಜು ಸಿಕ್ಕಿಸಿ ಎತ್ತಿ ಹಿಡಿದರೆ ಹಾಲು ತಾನೇ ಇಳಿಯುತ್ತದೆ. ತಾಯಿಗೆ ಜ್ವರ, ಎದೆಯಲ್ಲಿ ಹನಿ ಹಾಲಿಲ್ಲ, ಗೋಡೆಗೆ ಮುಖ ಮಾಡಿ ಬಿದ್ದಿದ್ದಾಳೆ. ನೀರು ಬೆರೆಸಿದ ಆಕಳ ಹಾಲೇ ಗತಿ.

ಮಶಾಕನನ್ನು ಮಣ್ಣು ಮಾಡಿ ಅವನ ತಾಯಿ ಜೈತುನ್ಬೀ, ಅಣ್ಣ ಬಂದೇನವಾಜ್ ಬಂದರು. ಬಂದೇನವಾಜನ ಉಗುರಲ್ಲಿ ಗೋರಿಯ ಮಣ್ಣು ಇನ್ನೂ ಇತ್ತು. ಮಗು ಮಲಗಿಸಿದ ಬುಟ್ಟಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ಅತ್ತಾನು ಎಂದುಕೊಂಡೆ. ಅಳಲಿಲ್ಲ.

“ಇಂವ ಬದುಕಬೇಕು ಸಿಸ್ಟರ್. ನನಗ ಬರೇ ಹೆಣ್ಣು. ನನ್ನ ತಮ್ಮನ ಖೂನಿಗಿ ಜವಾಬ ಕೇಳಾಂವ ಇಂವ ಒಬ್ಬನೇ” ಎಂದ.

ಅಂಗೈಯಷ್ಟು ಮಗು, ಅದರ ಕೈಗೆ ಆಗಲೇ ಕೊಡಲಿ ಕೊಟ್ಟಾಗಿದೆ. ನನಗೇನು, ಬದುಕಿಸು ಎಂದರಲ್ಲ, ಅಷ್ಟು ಸಾಕು.

೧೨ ಜನವರಿ

ಬಾಬುಮಿಯಾನ ತಲೆಗೆ ಪಟ್ಟಿ ಬದಲಿಸಿದೆ. ಬಾಗಿಲಲ್ಲಿ ಪೇದೆ, ಮಂಚಕ್ಕೆ ಬೇಡಿ. ಗಾಯದ ಮೇಲೆ ಅಯೋಡಿನ್ ಹನಿಸುವುದರ ಬದಲು ಸುರಿದೆ, ಬೇಕಂತಲೇ. ಒಣಗಿದ ಹತ್ತಿಯನ್ನು ನೆನೆಸದೆ ಕಿತ್ತೆ. ಅಮ್ಮಾ ಎಂದು ಚೀರಿದ. ಚೀರಲಿ. ಪಡಸಾಲೆಯ ಮೂಲೆಯಲ್ಲಿ ಅವನ ಹೆಂಡತಿ ಗುಲ್ಶನ್ ಮೊಲೆ ಕುಡಿಯುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಾಳೆ. ನೀರಿಗೆ ಹೋದರೆ ಮಶಾಕನ ಕಡೆಯ ಹೆಂಗಸರು ಅವಳ ಕೊಡದೊಳಗೆ ಉಗುಳುತ್ತಾರೆ. ಅವಳು ಚೆಲ್ಲಿ ಮತ್ತೆ ತುಂಬುತ್ತಾಳೆ.

೧೪ ಜನವರಿ, ಸಂಕ್ರಾಂತಿ

ನಮ್ಮ ಆಯಾ ಅನಸುಬಾಯಿ ಸಜ್ಜೆ ರೊಟ್ಟಿ, ಭರ್ತ ತಂದಿದ್ದಳು. ಎರಡು ತುತ್ತು ತಿಂದಿರಲಿಲ್ಲ, ಮಕ್ಕಳ ಕೋಣೆಯಿಂದ ಜೈತುನ್ಬೀಯ ಕೂಗು ಕೇಳಿಸಿತು.

ಇವರಲ್ಲಿ ಹುಟ್ಟಿದ ಕೂಸಿಗೆ ಮನೆಯ ಹಿರಿಯರೊಬ್ಬರು ಬೆರಳನ್ನು ಜೇನಿನಲ್ಲಿ ಅದ್ದಿ ಅಂಗುಳಕ್ಕೆ ಹಚ್ಚುತ್ತಾರೆ. ಘುಟ್ಟಿ ಅನ್ನುತ್ತಾರೆ. ಯಾರ ಬೆರಳಿನ ಜೇನೋ ಅವರ ಗುಣ ಕೂಸಿಗೆ ಬರುತ್ತದಂತೆ. ಬಂದೇನವಾಜ್ ಕಲ್ಲು ಒಡೆದು ಒಡೆದು ದಪ್ಪಗಾದ ತನ್ನ ಬೆರಳನ್ನು, ಆ ಮಗುವಿನ ಮುಖಕ್ಕಿಂತ ದೊಡ್ಡದಿರುವ ಬೆರಳನ್ನು, ಜೇನಿನ ಸಮೇತ ಗಂಟಲವರೆಗೆ ತುರುಕಿದ್ದಾನೆ. ಮಗು ನೀಲಿಗಟ್ಟಿ ನಿಂತುಹೋಗಿತ್ತು.

ಕೂಸನ್ನು ಹಿಡಿದಿದ್ದ ಮುದುಕಿಯನ್ನು ನೂಕಿದೆ. ಗೋಡೆಗೆ ಹೋಗಿ ಬಿದ್ದಳು. ಮಗುವನ್ನು ತಲೆಕೆಳಗು ಮಾಡಿ, ಗಂಟಲಿಗೆ ನಳಿಗೆ ಹಾಕಿ ನನ್ನ ಬಾಯಿಂದ ಜೇನು ಎಳೆದೆ. ಅಂಗಾಲಿಗೆ ಹೊಡೆದೆ. ಅತ್ತಿತು. ಆಮೇಲೆ ಕೈಗೆ ಸಿಕ್ಕ ಸ್ಟೀಲಿನ ಟ್ರೇ ತೆಗೆದುಕೊಂಡು ಬಂದೇನವಾಜನ ಆ ಬೆರಳಿನ ಮೇಲೇ ಬಿಟ್ಟೆ.

ಅವನು ಬೆರಳು ಹಿಡಿದುಕೊಂಡು ನನ್ನನ್ನು ನೋಡಿದ. “ನನ್ನ ತಮ್ಮನ ಮಗ ನಿನ್ನ ಕೈಯಾಗ ಅದಾನ, ಅದಕ್ಕ ಸುಮ್ನ ಹೊಂಟೀನಿ” ಎಂದ. ನನಗೆ ಹೆದರಿಕೆ ಆಗಲಿಲ್ಲ. ಉಳಿದ ರೊಟ್ಟಿ ತಿಂದೆ.

೧೬ ಜನವರಿ

ಆಕಳ ಹಾಲು ಒಗ್ಗುತ್ತಿಲ್ಲ. ಹೊಟ್ಟೆ ಡಮರುಗದಂತೆ ಉಬ್ಬಿದೆ, ಹಾಕಿದ್ದೆಲ್ಲ ಹಸಿರಾಗಿ ಹೊರಗೆ. ಹೆಂಗಸಿನ ಹಾಲು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ಬಟ್ಟಲು ಹಿಡಿದು ಬಾಣಂತಿಯರ ಮಂಚ ಮಂಚಕ್ಕೆ ಹೋದೆ. ಒಬ್ಬಳೂ ಕೊಡಲಿಲ್ಲ. ಪಾತ್ರೆಗೆ ಹಿಂಡಿದ ಹಾಲು ಬೆಂಕಿಯ ಮೇಲೆ ಹೋದರೆ ಎದೆ ಬತ್ತುತ್ತದೆ ಎಂದು ಒಬ್ಬಳು, ಅರ್ಧ ಸತ್ತ ಕೂಸಿಗೆ ಕೊಟ್ಟರೆ ತನ್ನದಕ್ಕೆ ದೃಷ್ಟಿ ಎಂದು ಇನ್ನೊಬ್ಬಳು. ಬೈದೆ, ಕಾಲು ಹಿಡಿಯುವುದೊಂದು ಬಾಕಿ. ಹಾಳಾಗಿ ಹೋಗಿ ಎಂದು ಹಿತ್ತಲಿಗೆ ಬಂದರೆ ಗುಲ್ಶನ್ ಬೇವಿನ ಬುಡಕ್ಕೆ ಹಾಲು ಹಿಂಡಿ ಚೆಲ್ಲುತ್ತಿದ್ದಳು. ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೇ ಹಾಕುತ್ತಾರೆ.

ನನ್ನ ಕೈಯ ಬಟ್ಟಲು ನೋಡಿ ಅವಳಿಗೆ ತಿಳಿಯಿತು. “ತಗೋ ಬಾಯಿ, ನನ್ನ ಎದಿ ಒಡ್ಯಾಕತ್ತದ. ಯಾರಿಗಿ ಅಂತ ನಾ ಕೇಳಂಗಿಲ್ಲ, ನೀ ಹೇಳಬ್ಯಾಡ” ಎಂದಳು.

ತೆಗೆದುಕೊಂಡೆ. ನನಗೆ ಹಾಲೆಂದರೆ ಹಾಲು. ಗ್ಲೂಕೋಸ್ ಬಾಟಲಿ ಯಾರು ಕೊಟ್ಟರೆಂದು ಯಾರಾದರೂ ಕೇಳುತ್ತಾರೆಯೇ? ಬಿಸಿನೀರಿನ ಬೋಗುಣಿಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ, ಬೆಂಕಿಗೆ ತೋರಿಸದೆ, ನಳಿಗೆಯಲ್ಲಿ ಬಿಟ್ಟೆ. ಜೈತುನ್ಬೀಗೆ, ಸೇಡಂ ಕಡೆಯ ಯಾರೋ ಬಾಣಂತಿ ಕೊಟ್ಟಳು ಎಂದೆ. ಸೇಡಂ ನನ್ನ ತವರು, ಅದಕ್ಕೇ ಬಾಯಿಗೆ ಬಂತು.

೨೧ ಜನವರಿ

ಹೊಟ್ಟೆ ಮೆತ್ತಗಾಗಿದೆ. ವಾಂತಿ ನಿಂತಿದೆ. ಇವತ್ತೊಂದು ನೋಡಿದೆ. ನಳಿಗೆಯಲ್ಲಿ ಹಾಲು ಇಳಿಯುವಾಗ ಅವನ ತುಟಿ ತಾನೇ ಅಲ್ಲಾಡುತ್ತದೆ. ಕಿರುಬೆರಳು ತೊಳೆದು ಕೊಟ್ಟೆ, ಹಿಡಿದ. ಎಳೆದ! ಕೊನೆಗೂ ಚೀಪಿದ ನನ್ನ ಮಗ.

ಬರೆದದ್ದನ್ನು ಹೊಡೆದುಹಾಕಬೇಕಿತ್ತು, ಇರಲಿ. ಎಲ್ಲ ಮಕ್ಕಳಿಗೂ ಹಾಗೇ ಅನ್ನುತ್ತೇನೆ.

೨೩ ಜನವರಿ

ಚೀಪುತ್ತಾನಲ್ಲ ಎಂದು ಬಾಟಲಿಯ ರಬ್ಬರ್ ತೊಟ್ಟು ಕೊಟ್ಟೆ. ಎರಡು ಸಲ ಎಳೆದು ಸುಮ್ಮನಾದ. ಸೋಮಾರಿ ಎಂದು ಅಂಗಾಲಿಗೆ ಚಿಮ್ಮಿದೆ. ಮತ್ತೆರಡು ಎಳೆದ, ಮತ್ತೆ ನಿಂತ. ನನ್ನ ಪಿತ್ತ ನೆತ್ತಿಗೇರಿತು. ಗದ್ದ ಒತ್ತಿ, ಕೆನ್ನೆ ಚಿವುಟಿ, ತೊಟ್ಟು ಒಳಗೆ ದೂಡಿದೆ. ಬಾಯಿತುಂಬ ಹಾಲು ನಿಂತು, ಮೂಗಿನಿಂದ ಹೊರಗೆ ಬಂದು, ಮುಖ ಕಪ್ಪಾಯಿತು. ಎತ್ತಿ ಬಡಿದೆ, ಎಳೆದೆ, ಊದಿದೆ. ಅನಸುಬಾಯಿ ಗೋಡೆಗೆ ಆತು ದೇವರನ್ನು ಕರೆಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯಂತೆ ಒಂದು ದನಿ ಬಂತು.

ಅವನ ಕೆನ್ನೆಯ ಮೇಲೆ ನನ್ನ ಎರಡು ಉಗುರಿನ ಗುರುತು ಇದೆ. ಅರಳೆಯಿಂದ ಮುಚ್ಚಿದೆ. ಆಗ ಕಂಡಿತು, ಅನಸುಬಾಯಿ ಬುಟ್ಟಿಯಲ್ಲಿ ಬೆಚ್ಚಗಿರಲೆಂದು ಇಟ್ಟ ಬಿಸಿನೀರಿನ ಬಾಟಲಿ ತಣ್ಣಗಾಗಿತ್ತು. ಅವಳ ಕೆನ್ನೆಗೆ ಬಾರಿಸಿದೆ, ಎಲ್ಲರೆದುರು. ಮೂಗುಬೊಟ್ಟು ಚುಚ್ಚಿ ರಕ್ತ ಬಂತು. ಅವಳು ಸೆರಗಿನಿಂದ ಒರೆಸಿಕೊಂಡು ನೀರು ಕಾಯಿಸಲು ಹೋದಳು.

೨೫ ಜನವರಿ

ಇವತ್ತು ಬಾಟಲಿ ಮುಟ್ಟಲಿಲ್ಲ. ಬೆರಳ ತುದಿಯಲ್ಲಿ ಒಂದು ಹನಿ ಹಾಲು, ಅಷ್ಟೇ. ಅವನು ಎಳೆಯುತ್ತಾನೆ, ನುಂಗುತ್ತಾನೆ, ಆಮೇಲೆ ನಿಲ್ಲುತ್ತಾನೆ. ನಿಂತಾಗ ಪಕ್ಕೆ ನೋಡಿದೆ. ಉಸಿರು ತೆಗೆದುಕೊಳ್ಳುತ್ತಿದ್ದಾನೆ! ಸೋಮಾರಿತನವಲ್ಲ ಅದು, ದಮ್ಮು ಹಿಡಿದುಕೊಳ್ಳುವುದು. ಇಷ್ಟು ವರ್ಷ ಎಷ್ಟು ಮಕ್ಕಳ ಅಂಗಾಲಿಗೆ ಚಿಮ್ಮಿದ್ದೇನೋ.

ದೊರೆ ದಮ್ಮು ಹಿಡಿದುಕೊಳ್ಳುವವರೆಗೆ ನಾನು ಹನಿ ಹಿಡಿದುಕೊಂಡು ಕೂತಿರಬೇಕು. ವಾರ್ಡಿನ ಕೆಲಸವೆಲ್ಲ ಬಿದ್ದಿದೆ. ಕೂತಿದ್ದೆ.

೨೮ ಜನವರಿ

ಬಾಬುಮಿಯಾನ ಪಟ್ಟಿ ಬದಲಿಸಿದೆ. ಇವತ್ತು ಚೀರಲಿಲ್ಲ. ಗಾಯ ಮಾಗುತ್ತಿರಬೇಕು.

೨ ಫೆಬ್ರವರಿ, ಗುರುವಾರ

ಮೂತಿಯಿರುವ ಸಣ್ಣ ಒಳಲೆಯಲ್ಲಿ ಕುಡಿಯುತ್ತಾನೆ. ತುಟಿಯ ಅಂಚಿಗೆ ತಾಗಿಸಿ ಹಿಡಿದರೆ ತಾನೇ ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತಾನೆ. ಎಲ್ಲವನ್ನೂ ಮುಗಿಸುವ ಶಕ್ತಿ ಇಲ್ಲ, ಸುಸ್ತಾಗಿ ಮಲಗಿಬಿಡುತ್ತಾನೆ. ಉಳಿದದ್ದು ನಳಿಗೆಗೆ. ಎದೆಗೆ ಹಾಕಿದರೆ ಕಲಿತಾನು ಎಂದು ಲತೀಫಾಳ ಹತ್ತಿರ ಒಯ್ದೆ. ಜ್ವರ ಇಳಿದಿದೆ, ಎದೆಯಲ್ಲಿ ನಾಲ್ಕು ಹನಿಯಾದರೂ ಇದೆ. ಆದರೂ ಅವಳು ಗೋಡೆಯೇ ಗೋಡೆ. ಗದ್ದ ಹಿಡಿದು ಈ ಕಡೆ ತಿರುಗಿಸಿದೆ, ನೋಡು ಎಂದೆ.

ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಇಂವಗ ಅವರಪ್ಪನ ಮುಖ ಇದ್ರ ನಾ ಸತ್ತ ಹೋಗ್ತೀನಿ ಬಾಯಿ.”

ಹೆರಿಗೆಯಾದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ಹೋಗಿ ಒಂದು ಕಪ್ಪು ಚಹಾ ತಂದುಕೊಟ್ಟೆ. ಕುಡಿದಳು.

೧೧ ಫೆಬ್ರವರಿ

ಬಾಬುಮಿಯಾನನ್ನು ಗುಲಬರ್ಗಾ ಜೈಲಿಗೆ ಒಯ್ದರು. ಗುಲ್ಶನ್ ಹೋಗಿಲ್ಲ. ಅವಳ ಕೂಸಿಗೆ ಕೆಮ್ಮಂತೆ. ನಾನು ಕೇಳಿದ ಕೆಮ್ಮು ಒಂದೂ ಇಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಟ್ಟಲು ಮಾತ್ರ ಕಿಟಕಿಯಲ್ಲಿ ತುಂಬಿ ಕೂತಿರುತ್ತದೆ.

ಲತೀಫಾ ಇವತ್ತು ತಾನೇ ತಿರುಗಿದಳು. ಮಗುವನ್ನು ಎದೆಯ ಮೇಲೆ ಹಾಕಿದೆ, ಅದೇ ಹೊತ್ತಿಗೆ ನಳಿಗೆಯಲ್ಲಿ ಹಾಲು ಬಿಟ್ಟೆ. ಹೊಟ್ಟೆ ತುಂಬುವುದಕ್ಕೂ ಎದೆಗೂ ನಂಟಿದೆ ಎಂದು ಅವನಿಗೆ ತಿಳಿಯಲಿ ಎಂದು. ತೊಟ್ಟು ನೆಕ್ಕಿದ. ಜಾರಿಬಿಟ್ಟ. ಮತ್ತೆ ನೆಕ್ಕಿದ. ಲತೀಫಾ ಮುಖ ನೋಡಿದಳು, ಸಾಯಲಿಲ್ಲ. ಅಜ್ಜಿಯ ಮೂಗು ಎಂದಳು. ಹೌದು, ಥೇಟ್ ಜೈತುನ್ಬೀಯ ಮೂಗು. ಇಬ್ಬರೂ ನಕ್ಕೆವು.

೨೦ ಫೆಬ್ರವರಿ, ಸೋಮವಾರ

ತುಟಿಗೆ ಹೊಲಿಗೆ ಬಿದ್ದಿದೆ. ಎಡ ಭುಜ ಎತ್ತಲು ಬರುವುದಿಲ್ಲ. ಬಲಗೈ ಚೆನ್ನಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಚುನಾವಣೆಯ ಬಂದೋಬಸ್ತಿಗೆಂದು ಆಸ್ಪತ್ರೆಯ ಗೇಟಿಗೆ ಹಾಕಿದ್ದ ಪೇದೆಯನ್ನು ಕರೆಸಿಕೊಂಡಿದ್ದರು. ಡಾಕ್ಟರು ಮೀಟಿಂಗಿಗೆ ಗುಲಬರ್ಗಾಕ್ಕೆ ಹೋಗಿದ್ದರು. ಮಧ್ಯಾಹ್ನ ಮಕ್ಕಳ ಕೋಣೆಯಲ್ಲಿ ನಾನು, ಲತೀಫಾ, ಮಗು. ಒಳಲೆಯಲ್ಲಿ ಕುಡಿಸಿ ಉಳಿದದ್ದನ್ನು ನಳಿಗೆಗೆ ಬಿಡುತ್ತಿದ್ದೆ. ಪಡಸಾಲೆಯಲ್ಲಿ ಗುಲ್ಶನ್ ಕಿರುಚಿದಳು. ಕಿಟಕಿಯಿಂದ ನೋಡಿದರೆ ಬಂದೇನವಾಜ್ ಅವಳ ಜಡೆ ಹಿಡಿದು ಕಂಬಕ್ಕೆ ಜಜ್ಜುತ್ತಿದ್ದ. ಅವಳು ಕೂಸನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬಗ್ಗಿದಳು. ಬೆನ್ನಿನ ಮೇಲೆ ಒದ್ದ, ಮತ್ತೆ ಒದ್ದ. ಕಿಟಕಿಯಲ್ಲಿದ್ದ ಬಟ್ಟಲನ್ನು ಬಾಚಿ ನೆಲಕ್ಕೆ ಅಪ್ಪಳಿಸಿದ. ಚೆಲ್ಲಿದ ಹಾಲಿನ ಮೇಲೆ ಕಾಲಿಟ್ಟು ತಿಕ್ಕಿದ.

ಯಾರ ಹಾಲೆಂಬ ಗುಟ್ಟನ್ನು ಅನಸುಬಾಯಿ ಅವನಿಗೆ ಹೇಳಿದ್ದಳು. ಮೂಗಿನಿಂದ ರಕ್ತ ಬರುವಂತೆ ಹೊಡೆಸಿಕೊಂಡವಳು ಇಷ್ಟು ದಿನ ಇಟ್ಟುಕೊಂಡದ್ದೇ ಹೆಚ್ಚು.

ಕಲ್ಲೊಡೆಯುವ ಸುತ್ತಿಗೆಯ ಕಾವನ್ನು, ಬರೀ ಮರದ ಹಿಡಿಯನ್ನು, ಹಿಡಿದು ಬಂದೇನವಾಜ್ ಒಳಗೆ ಬಂದ, ಹಿಂದೆ ಜೈತುನ್ಬೀ. ಅವನು ಉರ್ದುವಿನಲ್ಲಿ ಕೂಗಿದ್ದರಲ್ಲಿ ನನಗೆ ತಿಳಿದದ್ದು ದೂಧ್, ದೂಧ್ ಎಂಬುದೊಂದೇ. ಮುದುಕಿ ಅಳುತ್ತ ಬಿಡಿಸಿ ಹೇಳಿದಳು. ಯಾವಳ ಹಾಲು ಕುಡಿದರೂ ಅವಳು ತಾಯಿಯಂತೆ, ಅವಳ ಗಂಡ ತಂದೆಯಂತೆ, ಅವಳ ಮಕ್ಕಳು ಒಡಹುಟ್ಟಿದವರಂತೆ. ಸಾಯುವವರೆಗೆ ಹರಿಯದ ಸಂಬಂಧ. ಅಂದರೆ ಮಶಾಕನನ್ನು ಹಾರೆಯಿಂದ ಇರಿದವನು ಮಶಾಕನ ಮಗನಿಗೆ ತಂದೆ. ಆ ಮನೆಯ ಮೇಲೆ ಈ ಹುಡುಗ ಕೈ ಎತ್ತುವ ಹಾಗಿಲ್ಲ. ನಾನು ಹಾಲೆಂದರೆ ಹಾಲು ಎಂದುಕೊಂಡವಳು.

ಬಂದೇನವಾಜ್ ಬುಟ್ಟಿಗೆ ಕೈ ಹಾಕಿ ನಳಿಗೆಯನ್ನು ಎಳೆದ. ಪಟ್ಟಿಯ ಜೊತೆ ಕೆನ್ನೆಯ ಚರ್ಮವೂ ಬಂತು. ಮೂಗಿನಿಂದ ರಕ್ತ ಹರಿಯಿತು. ಮಗುವನ್ನು ಬಾಚಿ ಎದೆಗೆ ಒತ್ತಿಕೊಂಡು ತಿರುಗಿದೆ, ಕಾವು ನನ್ನ ಭುಜದ ಮೇಲೆ ಬಿತ್ತು. ಎರಡನೇದು ತುಟಿಗೆ. ಹಲ್ಲು ಅಲ್ಲಾಡಿತು. ಪಕ್ಕದ ಟ್ರೇಯಲ್ಲಿ ಕತ್ತರಿ ಇತ್ತು, ಉದ್ದದ್ದು. ಕೈ ಖಾಲಿ ಇರಲಿಲ್ಲ.

ಜೈತುನ್ಬೀ ಮಗನ ರಟ್ಟೆ ಹಿಡಿದು ಜೋತುಬಿದ್ದಳು. ನನ್ನನ್ನು ಕೇಳಿದಳು, “ನಳಿಗ್ಯಾಗ ಹೋಗಿದ್ದು ಕುಡದಂಗ ಆಗ್ತದೇನು? ನಾಲಿಗಿಗಿ ಹತ್ತಿಲ್ಲ, ಹೌದಲ್ಲ? ಹೇಳು ಬಾಯಿ.”

ಅವಳಿಗೆ ಏನು ಬೇಕಾಗಿತ್ತೋ ತಿಳಿಯಿತು. ನನಗೂ ಅದೇ ಬೇಕಾಗಿತ್ತು. ಇಲ್ಲ ಎಂದೆ. ನಾಲಿಗೆಗೆ ಒಂದು ಹನಿಯೂ ತಾಗಿಲ್ಲ, ಮೂಗಿನಿಂದ ನೇರ ಹೊಟ್ಟೆಗೆ ಎಂದೆ. ಬಾಯಿ ತುಂಬ ರಕ್ತವಿಟ್ಟುಕೊಂಡು ಸುಳ್ಳು ಹೇಳಿದೆ. ಬಂದೇನವಾಜನ ಕೈ ಇಳಿಯಿತು.

ಲತೀಫಾ ಮಂಚದಿಂದ ಇಳಿದು ನಿಂತಳು.

“ಕುಡದಾನ” ಎಂದಳು. “ನಳಿಗ್ಯಾಗಲ್ಲ, ಬಾಯಿಲೇ ಕುಡದಾನ. ನನ್ನ ಕಣ್ಣ ಮುಂದ ಬಟ್ಟಲಲೇ ನೆಕ್ಕಿ ನೆಕ್ಕಿ ಕುಡದಾನ. ಯಾರ ಹಾಲಂತ ನನಗ ಮೊದಲನೇ ದಿನದಿಂದ ಗೊತ್ತದ, ಗುಲ್ಶನಳ ಕೈಬಳಿ ಸಪ್ಪಳ ನನಗ ಗೊತ್ತಿಲ್ಲೇನು? ಕುಡೀಲಿ ಅಂತ ಸುಮ್ನಿದ್ದೆ.”

ಬಂದೇನವಾಜ್ ಅವಳ ಕಡೆ ಕಾವು ಎತ್ತಿದ.

“ಹೊಡಿ ಭಾಯಿ. ನನ್ನ ಗಂಡನ್ನ ಕೊಟ್ಟೀನಿ. ಮಗನ್ನ ಕೊಡ್ಲಿ ಹಿಡಸಲಾಕ ನಿನಗ ಕೊಡಂಗಿಲ್ಲ.”

ಕಾವು ಅವಳ ಮೊಣಕೈ ಮೇಲೆ ಬಿತ್ತು ಎನ್ನುವಷ್ಟರಲ್ಲಿ ಜೈತುನ್ಬೀ ನಡುವೆ ಬಂದಳು. ತನ್ನ ಮಗನ ಕೆನ್ನೆಗೆ ಬಾರಿಸಿದಳು. ಎಪ್ಪತ್ತರ ಮುದುಕಿಯ ಕೈ, ಆದರೂ ಅವನು ನಿಂತ. ಹಾಗಿದ್ದರೆ ಇವನು ನಮ್ಮವನಲ್ಲ, ಇವಳೂ ನಮ್ಮವಳಲ್ಲ ಎಂದು ಹೇಳಿ ಕಾವನ್ನು ಕಿಟಕಿಯ ಗಾಜಿಗೆ ಎಸೆದು ಹೋದ. ಮುದುಕಿ ಬಾಗಿಲವರೆಗೆ ಹೋಗಿ, ತಿರುಗಿ ಮೊಮ್ಮಗನನ್ನು ನೋಡಿ, ಮಗನ ಹಿಂದೆ ನಡೆದಳು.

ಮೂಗು ಊದಿಕೊಂಡಿತ್ತು. ನಳಿಗೆ ಮತ್ತೆ ಇಳಿಸಲು ನೋಡಿದೆ, ರಕ್ತ ಚಿಮ್ಮಿತು. ಇನ್ನೊಂದು ಹೊಳ್ಳೆಯೂ ಮುಚ್ಚಿತ್ತು. ಗುಲ್ಶನ್ ಪಡಸಾಲೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಬಟ್ಟಲು ಒಡೆದಿತ್ತು. ಮಗು ಹಸಿವಿಗೆ, ನೋವಿಗೆ ಬಾಯಿ ತೆರೆದು ಮುಚ್ಚುತ್ತಿತ್ತು, ದನಿ ಬರುತ್ತಿರಲಿಲ್ಲ.

ಲತೀಫಾ ನೆಲದ ಮೇಲೆ, ಗಾಜಿನ ಚೂರಿನ ನಡುವೆಯೇ ಕೂತು ಕೈ ಚಾಚಿದಳು. ಕೊಟ್ಟೆ. ಎದೆಗೆ ಹಾಕಿಕೊಂಡಳು. ಮೊದಲು ರಕ್ತ, ಹಾಲು ಎರಡೂ ಅವನ ತುಟಿಗೆ ಹತ್ತಿದವು. ಜಾರಿದ. ನಾನು ಗದ್ದದ ಕೆಳಗೆ ಒಂದು ಬೆರಳಿಟ್ಟೆ, ಒತ್ತಲಿಲ್ಲ, ಇಟ್ಟೆ ಅಷ್ಟೇ. ಹಿಡಿದ. ಎಳೆದ. ನುಂಗಿದ್ದು ಕೇಳಿಸಿತು. ನಿಂತ. ಲತೀಫಾ ಹೆದರಿ ನನ್ನನ್ನು ನೋಡಿದಳು. ಉಸಿರು ತಗೊಳ್ಳಲಿ ಬಿಡು ಎಂದೆ. ತೆಗೆದುಕೊಂಡ. ಮತ್ತೆ ಎಳೆದ.

ಹೊರಗೆ ಜನ ಸೇರಿದ್ದರು, ಅನಸುಬಾಯಿ ಗುಲ್ಶನಳ ತಲೆಗೆ ನೀರು ಹಾಕುತ್ತಿದ್ದಳು, ಯಾರೋ ಪೊಲೀಸಿಗೆ ಓಡಿದ್ದರು. ನಾವು ಮೂವರೂ ಏಳಲಿಲ್ಲ. ಅವನು ತಾನಾಗಿ ಬಿಟ್ಟು ನಿದ್ದೆ ಹೋದ ಮೇಲೆ ನನ್ನ ತುಟಿ ನೋಯಲು ಶುರುವಾಯಿತು.

೨೨ ಫೆಬ್ರವರಿ

ಪೊಲೀಸರಿಗೆ ಎಲ್ಲ ಹೇಳಿ ಬರೆಸಿದೆ. ಬಂದೇನವಾಜ್ ಠಾಣೆಯಲ್ಲಿದ್ದಾನೆ, ಎಷ್ಟು ದಿನವೋ. ಗುಲ್ಶನಳ ಎರಡು ಪಕ್ಕೆಲುಬು ಮುರಿದಿದೆ, ಅವಳ ಕೂಸಿಗೆ ಏನೂ ಆಗಿಲ್ಲ.

ನಳಿಗೆ ಮತ್ತೆ ಹಾಕಬೇಕಾಗಲಿಲ್ಲ. ತಾಯಿಯ ಎದೆ ಹೀಗೂ ಹಾಲು ಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಇವನು ಎಳೆದಷ್ಟೂ ಬರುತ್ತಿದೆ. ಡಾಕ್ಟರು ನೋಡೋಣ ಎನ್ನಲಿಲ್ಲ, ನೋಡಿ ಸುಮ್ಮನೆ ತಲೆಯಾಡಿಸಿದರು.

೨೭ ಫೆಬ್ರವರಿ

ಹೆರಿಗೆ ಕೋಣೆಯಲ್ಲಿ ವಾಡಿಯ ಕಡೆಯವಳೊಬ್ಬಳು ನನ್ನ ಹೊಟ್ಟೆಗೇ ಒದ್ದಳು. ಕಾಲು ಹಿಡಿದು, ಆಗಲಿ, ದಮ್ಮು ತಗೊಂಡು ಆಮೇಲೆ ತಿಣುಕು ಎಂದೆ. ಅನಸುಬಾಯಿ ನನ್ನ ಕೈಯನ್ನೇ ನೋಡುತ್ತಿದ್ದಳು. “ಕೈ ಇನ್ನಾ ನೋಯ್ತದೇನ್ರಿ ಸಿಸ್ಟರ್?” ಎಂದು ಕೇಳಿದಳು. ಭುಜ ನೋಯುವುದು ನಿಜ, ಹೌದು ಎಂದೆ. ಅವಳಿಗೆ ಒಂದು ಮಾತು ಹೇಳಬೇಕೆಂದು ಎರಡು ಸಲ ಹೋದೆ, ಎರಡು ಸಲವೂ ಬಿಸಿನೀರು ಕೇಳಿ ಬಂದೆ.

೩ ಮಾರ್ಚ್, ಶುಕ್ರವಾರ

ಲತೀಫಾ ತವರಿಗೆ ಹೊರಟಳು, ಚಿಂಚೋಳಿಗೆ. ಕಳಿಸಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ನಿನ್ನೆ ಯಾರ ಕೈಯಲ್ಲೋ ಜೈತುನ್ಬೀ ಒಂದು ಸಣ್ಣ ಕೌದಿ ಕಳಿಸಿದ್ದಳು. ಮಶಾಕನ ಅಂಗಿ, ಲುಂಗಿಗಳನ್ನು ಕತ್ತರಿಸಿ ಹೊಲಿದದ್ದು. ಹೇಳಿಕಳಿಸಿದ ಮಾತು ಏನೂ ಇರಲಿಲ್ಲ. ಮಗುವನ್ನು ಅದರಲ್ಲೇ ಸುತ್ತಿದ್ದೆವು.

ನೀರಿನ ನಳದ ಹತ್ತಿರ ಗುಲ್ಶನ್ ನಿಂತಿದ್ದಳು, ಎದೆಗೆ ಪಟ್ಟಿ ಬಿಗಿದುಕೊಂಡು, ಒಂದು ಕಣ್ಣಿನ ಸುತ್ತ ಪೆಟ್ಟಿನ ಕಲೆ ಇನ್ನೂ ಹಳದಿ. ಹತ್ತಿರ ಬರುವ ಧೈರ್ಯವಿಲ್ಲ. ಲತೀಫಾ ತಾನೇ ಹೋದಳು. ಜಗಳ ಹತ್ತೀತೆಂದು ನಾನೂ ಹಿಂದೆ ಹೋದೆ.

“ನಿನ್ನ ಗಂಡಗ ಫಾಸಿ ಆಗ್ಲಿ ಅಂತ ಐದೂ ವಕ್ತ ದುವಾ ಮಾಡ್ತೀನಿ ಗುಲ್ಶನ್. ಅದು ಬಿಡಂಗಿಲ್ಲ” ಎಂದಳು. “ಇಂವಗ ಮಾತ ಬಂದ ಮ್ಯಾಲ ನಿನಗ ಅಮ್ಮಾ ಅನ್ಲಾಕ ಕಲಸ್ತೀನಿ. ಅದೂ ಬಿಡಂಗಿಲ್ಲ.”

ಗುಲ್ಶನ್ ಕೌದಿಯಿಂದ ಹೊರಗೆ ಬಂದಿದ್ದ ಒಂದು ಕಾಲನ್ನು ಒಳಗೆ ಸೇರಿಸಿದಳು.

ಬಸ್ಸು ಬಂದು ನಿಂತಾಗಲೇ ದೊರೆಗೆ ಎಚ್ಚರವಾಗಿ ಹಸಿವಾಗಬೇಕೇ? ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆಯೇ ಲತೀಫಾ ಸೆರಗು ಮರೆ ಮಾಡಿ ಕೂತಳು. ಡ್ರೈವರ್ ಹಾರ್ನ್ ಒತ್ತಿದ. ಕಂಡಕ್ಟರ್ ಇಳಿದು ಬಂದು ಅವಳನ್ನು ಬೈದ, ನನ್ನನ್ನೂ ಬೈದ, ಬಾಯಿಗೆ ಬಂದ ಹಾಗೆ. ನನ್ನ ಬೆರಳು ಮಗುವಿನ ಗದ್ದದ ಕೆಳಗಿತ್ತು.

“ತಡಿಯಪ್ಪಾ, ಉಸರ ತಗೊಳ್ಳಾಕತ್ತಾನ” ಎಂದೆ.

ಅವನು ಬಗ್ಗಿ ನೋಡಿದ. ಬಸ್ಸು ನಿಂತೇ ಇತ್ತು.